ಬೇಕಿತ್ತು, ಬೇಕಾಯಿತು: ಮೋಡಲ್ ಕ್ರಿಯಾಪದಗಳ ಬಗ್ಗೆ ನನ್ನ ಟಿಪ್ಪಣಿ

ಇಂಗ್ಲಿಷ್ ವ್ಯಾಕರಣದ ಮೋಡಲ್ ಪಾಠವನ್ನು, ಅಂದರೆ ಬೇಕು, ಬಹುದು, ಬಾರದು ಥರದ ಅರ್ಥ ಕೊಡುವ ಸಹಾಯಕ ಕ್ರಿಯಾಪದಗಳ ಪಾಠವನ್ನು, ಈ ವಾರ ಮೂರನೇ ಸಲ ಓದಿದೆ. ಈ ಸಲ ತಲೆಗೆ ಹತ್ತಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಶಿರಸಿ ಕಡೆ ಮನೆಯಲ್ಲೇ ಕೂತು ಪರೀಕ್ಷೆಗೆ ಓದುತ್ತಿರುವವರಿಗೂ ಉಪಯೋಗ ಆಗಬಹುದು.

ಮೊದಲು ಪಟ್ಟಿ, ಬೇಗ ಮುಗಿಸುತ್ತೇನೆ. ಮೋಡಲ್ ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶಾಲ್, ಶುಡ್, ವಿಲ್, ವುಡ್, ಮಸ್ಟ್. ಇವುಗಳ ನಂತರ ಕ್ರಿಯಾಪದ ಮೂಲರೂಪದಲ್ಲೇ ಇರುತ್ತದೆ. ಟು ಬೇಡ, ಕೊನೆಗೆ ಎಸ್ ಬೇಡ. ಎರಡು ಮೋಡಲ್ ಒಟ್ಟಿಗೆ ಬರುವುದಿಲ್ಲ, ಹಾಗಾಗಿ 'ವಿಲ್ ಕ್ಯಾನ್' ತಪ್ಪು, 'ವಿಲ್ ಬಿ ಏಬಲ್ ಟು' ಸರಿ. ಸೆಮಿ ಮೋಡಲ್, ಅಂದರೆ ಅರೆ ಮೋಡಲ್: ನೀಡ್, ಡೇರ್, ಆಟ್ ಟು (ought to), ಯೂಸ್ಡ್ ಟು. ಹ್ಯಾವ್ ಟು ಕೂಡ ಕೆಲವು ಪುಸ್ತಕಗಳಲ್ಲಿ ಇದೇ ಗುಂಪಿನಲ್ಲಿ ಸಿಗುತ್ತದೆ, ಆದರೆ ಅದು ನಡೆದುಕೊಳ್ಳುವುದು ಸಾದಾ ಕ್ರಿಯಾಪದದ ಹಾಗೆ. ಪ್ರಶ್ನೆಗೂ ಇಲ್ಲ ಅನ್ನುವುದಕ್ಕೂ ಅದಕ್ಕೆ ಡು, ಡಸ್, ಡಿಡ್ ಬೇಕು.

ಬಾರದು ಮತ್ತು ಬೇಕಾಗಿಲ್ಲ

ಮಸ್ಟ್, ಹ್ಯಾವ್ ಟು ಎರಡಕ್ಕೂ ಕನ್ನಡದಲ್ಲಿ ಬೇಕು ಅಂತಲೇ ಅರ್ಥ. 'ಐ ಮಸ್ಟ್ ಗೋ' ಅಂದರೂ 'ಐ ಹ್ಯಾವ್ ಟು ಗೋ' ಅಂದರೂ ಹೋಗಬೇಕು. ಆದರೆ ನಾಟ್ ಸೇರಿದ ಕೂಡಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. 'ಮಸ್ಟ್ ನಾಟ್ ಗೋ' ಅಂದರೆ ಹೋಗಬಾರದು. 'ಡೋಂಟ್ ಹ್ಯಾವ್ ಟು ಗೋ' ಅಂದರೆ ಹೋಗಬೇಕಾಗಿಲ್ಲ, ಮನಸ್ಸಿದ್ದರೆ ಹೋಗಬಹುದು.

ಇದು ನನಗೆ ಮೀನುಗಾರಿಕೆ ನಿಷೇಧದ ಉದಾಹರಣೆಯಿಂದ ಗಟ್ಟಿಯಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ಆ ನಿಷೇಧ ಇಲ್ಲ. ಹಾಗಾದರೆ ಕಾರವಾರದ ಬೈತಖೋಲ್ ಬಂದರಿನ ಟ್ರಾಲ್ ಬೋಟಿಗೆ 'ಮಸ್ಟ್ ನಾಟ್ ಗೋ', ನಾಡದೋಣಿಗೆ 'ಡಸಂಟ್ ಹ್ಯಾವ್ ಟು ಸ್ಟಾಪ್'. ಟ್ರಾಲ್ ಬೋಟಿಗೆ 'ಡಸಂಟ್ ಹ್ಯಾವ್ ಟು ಗೋ' ಅಂತ ಬರೆದು ನೋಡಿ. ಬೇಕಿದ್ದರೆ ಹೋಗಲಿ, ಇಲ್ಲದಿದ್ದರೆ ಬಿಡಲಿ ಅಂತಾಯಿತು. ಕಾನೂನೇ ಉಲ್ಟಾ ಆಯಿತಲ್ವಾ?

ಒಂದು ಎಚ್ಚರಿಕೆ. 'ಬೇಡ' ಅನ್ನುವ ಮಾತು ಇಲ್ಲಿ ಕೈಕೊಡುತ್ತದೆ. ಆಯಿ (ಅಮ್ಮ) "ನೀನು ಬರೋದು ಬೇಡ" ಅಂದರೆ ಬಂದರೆ ಜೋಕೆ ಅಂತಲೂ ಆಗಬಹುದು, ಸುಮ್ನೆ ಯಾಕೆ ತೊಂದರೆ ಅಂತಲೂ ಆಗಬಹುದು. ಅದಕ್ಕೇ ಇಂಗ್ಲಿಷ್ ಮಾಡುವ ಮೊದಲು ಬೇಡ ತೆಗೆದು ಬಾರದು ಇಲ್ಲವೇ ಬೇಕಾಗಿಲ್ಲ ಹಾಕಿಕೊಳ್ಳುತ್ತೇನೆ.

ನಾನು ಎಡವಿದ್ದು ಇಲ್ಲಿ

ಮಸ್ಟ್‌ಗೆ ಭೂತಕಾಲದ ರೂಪ ಇಲ್ಲ. ಇದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಇರುತ್ತದೆ, ನಾನೂ ಓದಿ ಮುಂದೆ ಹೋಗಿದ್ದೆ. ಆಮೇಲೆ ಅನುವಾದಕ್ಕೆ ಒಂದು ವಾಕ್ಯ ಸಿಕ್ಕಿತು: ದೇವಿಮನೆ ಘಟ್ಟದಲ್ಲಿ ಶಿರಸಿ-ಕುಮಟಾ ರಸ್ತೆ ಬಂದ್ ಆಗಿತ್ತು, ಕುಮಟಾಕ್ಕೆ ಯಲ್ಲಾಪುರ, ಅಂಕೋಲಾ ಸುತ್ತಿ ಹೋಗಬೇಕಾಯಿತು. ನಾನು 'ಐ ಶುಡ್ ಹ್ಯಾವ್ ಗಾನ್' ಅಂತ ಬರೆದೆ. ಪಕ್ಕದ ಮನೆಯ ಅಕ್ಕ ಓದಿ ಒಂದೇ ಪ್ರಶ್ನೆ ಕೇಳಿದರು: "ತಮಾ, ನೀನು ಹೋದ್ಯೋ ಇಲ್ವೋ?" ಹೋಗಿದ್ದೆ. ಆದರೆ ನನ್ನ ಇಂಗ್ಲಿಷ್ ಹೇಳುತ್ತಿದ್ದುದು ಹೋಗಲಿಲ್ಲ ಅಂತ.

ಆ ಪ್ರಶ್ನೆ ಹಿಡಿದುಕೊಂಡು ರಾತ್ರಿ ಕನ್ನಡದ ರೂಪಗಳನ್ನೇ ಬಿಡಿಸಿ ಬರೆದೆ. ಆಗ ಕಂಡಿದ್ದು ಏನೆಂದರೆ ಉತ್ತರ ಇರುವುದು ಕನ್ನಡ ಪದದ ಬಾಲದಲ್ಲೇ. ಆಯಿತು ಅಂತ ಮುಗಿದರೆ ಕೆಲಸ ನಡೆದಿದೆ. ಇತ್ತು ಅಂತ ಮುಗಿದರೆ ಹೆಚ್ಚಾಗಿ ನಡೆದಿಲ್ಲ.

ಹೋಗಬೇಕಾಯಿತು: 'ಹ್ಯಾಡ್ ಟು ಗೋ'. ಹೋದೆ.
ಹೋಗಬೇಕಿತ್ತು: 'ಶುಡ್ ಹ್ಯಾವ್ ಗಾನ್'. ಹೋಗಲಿಲ್ಲ, ಈಗ ಬೇಜಾರು.
ಹೋಗಲು ಆಯಿತು: 'ವಾಸ್ ಏಬಲ್ ಟು ಗೋ'. ಹೋದೆ.
ಹೋಗಬಹುದಿತ್ತು: 'ಕುಡ್ ಹ್ಯಾವ್ ಗಾನ್'. ಅವಕಾಶ ಇತ್ತು, ಹೋಗಲಿಲ್ಲ.

ನಮ್ಮ ಮನೆಯಲ್ಲಿ ಆಗಸ್ಟ್ ಬಂದರೆ ಕೇಳುವ ಮಾತು ನೋಡಿ. ಅಡಿಕೆಗೆ ಕೊಳೆ ರೋಗ ಹತ್ತಿದೆ, ಮಳೆ ಜೋರಾಗುವ ಮೊದಲೇ ಬೋರ್ಡೋ ಔಷಧಿ ಹೊಡೆಯಬೇಕಿತ್ತು ಅಂತ ಅಪ್ಪ ಹೇಳುತ್ತಾರೆ. ಹೊಡೆದಿಲ್ಲ, ಹಾಗಾಗಿ 'ವಿ ಶುಡ್ ಹ್ಯಾವ್ ಸ್ಪ್ರೇಡ್'. ಅದೇ ಮಾತು, ಕೊಳೆ ಬಿಡಲಿಲ್ಲ, ಮೂರನೇ ಸಲವೂ ಹೊಡೆಯಬೇಕಾಯಿತು ಅಂದರೆ 'ವಿ ಹ್ಯಾಡ್ ಟು ಸ್ಪ್ರೇ'. ಒಂದರಲ್ಲಿ ಔಷಧಿ ಡ್ರಮ್ಮಿನಲ್ಲೇ ಉಳಿಯಿತು, ಇನ್ನೊಂದರಲ್ಲಿ ಖರ್ಚಾಯಿತು.

ಹೆಚ್ಚಾಗಿ ಅಂತ ಯಾಕೆ ಹೇಳಿದೆ ಅಂದರೆ, ರೂಢಿಯ ಮಾತಿನಲ್ಲಿ ಇತ್ತು ಬಂದರೂ ಕೆಲಸ ನಡೆದಿರುತ್ತದೆ. ಆಗೆಲ್ಲ ಶಾಲೆಗೆ ನಡೆದೇ ಹೋಗಬೇಕಿತ್ತು ಅಂದರೆ ದಿನಾ ನಡೆದಿದ್ದಾರೆ. ಅಲ್ಲಿ 'ಹ್ಯಾಡ್ ಟು ವಾಕ್' ಆಗಬೇಕು. ಆಗೆಲ್ಲ, ದಿನಾ, ಪ್ರತಿ ವರ್ಷ ಅನ್ನುವ ಪದ ಕಂಡರೆ ಬಾಲ ಬಿಟ್ಟು ಅಕ್ಕನ ಪ್ರಶ್ನೆಗೆ ಹೋಗಿ: ನಡೆಯಿತೋ ಇಲ್ಲವೋ?

ಇಲ್ಲ ಅನ್ನುವ ರೂಪಗಳಿಗೂ ಇದೇ ಪ್ರಶ್ನೆ ಸಾಕು. ಹೋಗಬಾರದಿತ್ತು ಅಂದರೆ ಹೋಗಿ ಆಗಿದೆ, 'ಶುಡಂಟ್ ಹ್ಯಾವ್ ಗಾನ್'. ಸುಮ್ನೆ ಹೋದೆ, ಹೋಗಬೇಕಾಗಿರಲಿಲ್ಲ ಅಂದರೆ 'ನೀಡಂಟ್ ಹ್ಯಾವ್ ಗಾನ್'. ಕೆಲಸ ಫೋನಿನಲ್ಲೇ ಮುಗಿಯಿತು, ಹೋಗುವ ಪ್ರಸಂಗವೇ ಬರಲಿಲ್ಲ ಅಂದರೆ 'ಡಿಡಂಟ್ ಹ್ಯಾವ್ ಟು ಗೋ'. ಹ್ಯಾವ್ ಆದ ಮೇಲೆ ಕ್ರಿಯಾಪದದ ಮೂರನೇ ರೂಪ ಬರಬೇಕು, 'ಹ್ಯಾವ್ ವೆಂಟ್' ಅಲ್ಲ. ಮಾತಿನಲ್ಲಿ ಈ ಹ್ಯಾವ್ 'ಅವ್' ಅಂತಷ್ಟೇ ಕೇಳಿಸುತ್ತದೆ, ಅದನ್ನು ನಂಬಿ 'ಶುಡ್ ಆಫ್' ಅಂತ ಬರೆಯಬೇಡಿ.

ಯೂಸ್ಡ್ ಟು

ಅಜ್ಜನ ಕಾಲದಲ್ಲಿ ಕೊಳೆ ಬಾರದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದ ಹೊದಿಕೆ) ಕಟ್ಟುತ್ತಿದ್ದರು, ನಮ್ಮಲ್ಲಿ ಈಗ ಇಲ್ಲ. ಇಂಥದ್ದಕ್ಕೆ 'ಯೂಸ್ಡ್ ಟು ಟೈ'. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಲು ಶುರುವಾಗಿದ್ದು 1998ರಲ್ಲಿ, ಅದಕ್ಕೂ ಮೊದಲು ಕಾರವಾರದವರು ಮುಂಬೈಗೆ ಬಸ್ಸಿನಲ್ಲಿ ಹೋಗುತ್ತಿದ್ದರು: 'ಯೂಸ್ಡ್ ಟು ಗೋ ಬೈ ಬಸ್'. ಡಿಡ್ ಬಂದರೆ ಕೊನೆಯ ಡಿ ಹೋಗುತ್ತದೆ, 'ಡಿಡಂಟ್ ಯೂಸ್ ಟು'. ಮುಂದೆ ಆಮ್, ಈಸ್, ಆರ್ ಸೇರಿದರೆ ಅದು ಬೇರೆಯೇ ಮಾತು. ಮಳೆಯಲ್ಲಿ ಓಡಾಡಿ ರೂಢಿ ಆಗಿದೆ ಅನ್ನುವುದಕ್ಕೆ 'ಐ ಆಮ್ ಯೂಸ್ಡ್ ಟು ವಾಕಿಂಗ್ ಇನ್ ದ ರೇನ್', ಇಲ್ಲಿ ಐಎನ್‌ಜಿ ಬೇಕೇ ಬೇಕು.

ಡೇರ್ ಬಗ್ಗೆ ಜಾಸ್ತಿ ಇಲ್ಲ. 'ಹೌ ಡೇರ್ ಯು', ಎಷ್ಟು ಧೈರ್ಯ ನಿನಗೆ, ಇಷ್ಟು ನೆನಪಿದ್ದರೆ ಸದ್ಯಕ್ಕೆ ಸಾಕು. ಆಟ್ ಟು ಹೆಚ್ಚುಕಡಿಮೆ ಶುಡ್ ಇದ್ದ ಹಾಗೆ, ಟು ಮರೆಯಬಾರದು ಅಷ್ಟೇ.

ಊಹೆಯ ಬೇಕು

ಕೊನೆಗೆ ಉಳಿದದ್ದು ಇದು. ಅವನು ಬಂದರಿನಲ್ಲಿ ಇರಬೇಕು ಅಂದರೆ ಅಪ್ಪಣೆಯೂ ಆಗಬಹುದು, ಊಹೆಯೂ ಆಗಬಹುದು. 'ಹಿ ಮಸ್ಟ್ ಬಿ ಅಟ್ ದ ಹಾರ್ಬರ್' ಕೂಡ ಹಾಗೇ ಎರಡರ್ಥ ಕೊಡುತ್ತದೆ, ಇಲ್ಲಿ ಎರಡು ಭಾಷೆಗೂ ಒಂದೇ ಗುಣ. ಆದರೆ ಊಹೆಯನ್ನು ಇಲ್ಲ ಮಾಡುವಾಗ ಮಸ್ಟ್ ನಾಟ್ ಅಲ್ಲ, ಕಾಂಟ್ ಹಾಕಿ. ಬಂದಿರಬೇಕು 'ಮಸ್ಟ್ ಹ್ಯಾವ್ ಕಮ್', ಬಂದಿರಲಿಕ್ಕಿಲ್ಲ 'ಮೈಟ್ ನಾಟ್ ಹ್ಯಾವ್ ಕಮ್', ಬಂದಿರಲು ಸಾಧ್ಯವೇ ಇಲ್ಲ 'ಕಾಂಟ್ ಹ್ಯಾವ್ ಕಮ್'. ಈ ಮೂರನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತೇನೆ. ಕುಮಟಾ ಬಸ್ಸು ಬಂದು ಹೋಗಿರಬೇಕು, ಬಂದಿರಲಿಕ್ಕಿಲ್ಲ, ಇಷ್ಟು ಬೇಗ ಬಂದಿರಲು ಸಾಧ್ಯವೇ ಇಲ್ಲ.