ಕಾರಣ ಕಾಣದ ಮುಖದ ನೋವು: ದವಡೆಯಿಂದ ಮಿದುಳಿನತ್ತ ಸರಿದ ಹುಡುಕಾಟ

ಅಮೆರಿಕದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಚಾರ್ಲ್ಸ್ ಫ್ರೇಜಿಯರ್ ಮತ್ತು ಅವರ ಸಹೋದ್ಯೋಗಿ ರಸೆಲ್ 1924ರಲ್ಲಿ ಮುಖದ ನರಶೂಲೆಯ 754 ಪ್ರಕರಣಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಬೇರನ್ನು ಕತ್ತರಿಸಿದರೆ ವಿದ್ಯುತ್ ಹೊಡೆದಂತೆ ಬಂದುಹೋಗುವ ಶೂಲೆ ಸಾಮಾನ್ಯವಾಗಿ ನಿಲ್ಲುತ್ತಿತ್ತು. ಆದರೆ ಕೆಲವರ ನೋವು ಈ ಲೆಕ್ಕಕ್ಕೆ ಸಿಗಲಿಲ್ಲ: ಅದು ಬಿಟ್ಟೂಬಿಡದೆ ಕೊರೆಯುತ್ತಿತ್ತು, ನರದ ಹಾದಿಯನ್ನು ಅನುಸರಿಸುತ್ತಿರಲಿಲ್ಲ, ಕತ್ತರಿಗೂ ಬಗ್ಗುತ್ತಿರಲಿಲ್ಲ. ಅಂಥವುಗಳನ್ನು ಅಸಾಮಾನ್ಯ ನರಶೂಲೆ ಎಂದು ಬೇರೆಯಾಗಿ ಇಡಲಾಯಿತು.

ಪೆಟ್ಟು ಬಿದ್ದಲ್ಲಿ ನೋವು ಹುಟ್ಟುತ್ತದೆ, ನರ ಅದನ್ನು ಸಾಗಿಸುತ್ತದೆ, ಮಿದುಳು ಸುಮ್ಮನೆ ಸ್ವೀಕರಿಸುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಇದರ ಪರಿಣಾಮ ಎರಡು ಬಗೆಯದಾಯಿತು. ಕಾರಣ ಬಾಯಲ್ಲೇ ಇರಬೇಕೆಂದು ಒಂದರ ಹಿಂದೊಂದು ಹಲ್ಲು ಕೀಳಿಸಿಕೊಂಡವರಿದ್ದರು. ಬಾಯಲ್ಲಿ ಏನೂ ಸಿಗದಾಗ ಮನಸ್ಸಿನ ಕಾಯಿಲೆ ಎನ್ನಿಸಿಕೊಂಡವರೂ ಇದ್ದರು. ಖಿನ್ನತೆಗೆ ಕೊಡುವ ಟ್ರೈಸೈಕ್ಲಿಕ್ ಮಾತ್ರೆಗಳಿಂದ ಕೆಲವರಿಗೆ ಉಪಶಮನ ಸಿಕ್ಕಿದ್ದು ಎರಡನೆಯ ವಾದಕ್ಕೆ ಬಲ ಕೊಟ್ಟಂತೆ ಕಂಡಿತು. ಆದರೆ ಆ ಔಷಧಗಳು ಖಿನ್ನತೆಯಿಲ್ಲದವರ ನೋವನ್ನೂ ತಗ್ಗಿಸಬಲ್ಲವು. ಮಾತ್ರೆಯ ಮೂಲ ಬಳಕೆಯನ್ನು ನೋಡಿ ಕಾಯಿಲೆಯ ಜಾತಿಯನ್ನು ನಿರ್ಧರಿಸಿದ್ದು ಅವಸರದ ತರ್ಕವೇ ಸರಿ.

ಮಿದುಳು ನೋವನ್ನು ಸುಮ್ಮನೆ ಸ್ವೀಕರಿಸುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು 1965ರಲ್ಲಿ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್‌ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಸಿದ್ಧಾಂತ. ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ದ್ವಾರವಿದ್ದು, ಅದನ್ನು ತೆರೆಯುವ ಅಥವಾ ಮುಚ್ಚುವ ಆಜ್ಞೆ ಮೇಲಿನಿಂದ, ಅಂದರೆ ಮಿದುಳಿನಿಂದಲೂ ಬರುತ್ತದೆ ಎಂದರು. 1983ರಲ್ಲಿ ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್, ಗಾಯದ ನಂತರ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ ಎಂದು ತೋರಿಸಿದರು. ಮುಖದ ಮಟ್ಟಿಗೆ, ಬೆನ್ನುಹುರಿಯ ಈ ಕೆಲಸ ನಡೆಯುವುದು ಮಿದುಳುಕಾಂಡದಲ್ಲಿರುವ ನರಕೋಶಗಳ ಗುಂಪಾದ ಟ್ರೈಜೆಮಿನಲ್ ನ್ಯೂಕ್ಲಿಯಸ್‌ನಲ್ಲಿ. ಅಲ್ಲಿಂದ ಸಂಕೇತ, ಮಿದುಳಿನೊಳಗೆ ಸಂವೇದನೆಗಳನ್ನು ಹಂಚುವ ಥಲಾಮಸ್ ದಾಟಿ, ನೋವು ಎಲ್ಲಿದೆ ಎಂದು ಗುರುತಿಸುವ ಭಾಗಕ್ಕೂ ಅದು ಎಷ್ಟು ಅಸಹನೀಯ ಎಂದು ಅಳೆಯುವ ಇನ್ಸುಲಾ, ಸಿಂಗ್ಯುಲೇಟ್ ಮುಂತಾದ ಭಾಗಗಳಿಗೂ ಹೋಗುತ್ತದೆ.

1994ರಲ್ಲಿ ಸ್ಟುವರ್ಟ್ ಡರ್ಬಿಶೈರ್ ಮತ್ತು ಸಂಗಡಿಗರು ಅಸಾಮಾನ್ಯ ಮುಖನೋವಿನ ರೋಗಿಗಳಿಗೆ ಬಿಸಿಯ ನೋವು ಕೊಟ್ಟು, ಮಿದುಳಿನ ರಕ್ತಸಂಚಾರವನ್ನು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ನೋವಿಲ್ಲದವರೊಂದಿಗೆ ಹೋಲಿಸಿದಾಗ ಸಿಂಗ್ಯುಲೇಟ್‌ನ ಮುಂಭಾಗದಲ್ಲಿ ರಕ್ತಸಂಚಾರ ಹೆಚ್ಚಿತ್ತು, ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗದಲ್ಲಿ ಕಡಿಮೆಯಿತ್ತು. ನೋವಿನ ಕಹಿಯನ್ನು ಹೆಚ್ಚಿಸುವ ಭಾಗ ಚುರುಕಾಗಿ, ಅದನ್ನು ಹತೋಟಿಯಲ್ಲಿಡುವ ಭಾಗ ಸೋತಿರಬಹುದೆಂಬ ಊಹೆಗೆ ಇದು ಎಡೆಮಾಡಿತು. ಮುಂದೆ ಫಿನ್ಲೆಂಡಿನ ಸಂಶೋಧಕರು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ಎಂಬ ನರರಾಸಾಯನಿಕದ ವ್ಯವಸ್ಥೆಯ ಏರುಪೇರನ್ನೂ, ಕೆಲವು ರೋಗಿಗಳಲ್ಲಿ ಸಾಧಾರಣ ಪರೀಕ್ಷೆಗೆ ಸಿಗದ ನರದ ಸೂಕ್ಷ್ಮ ದೋಷಗಳನ್ನೂ ಗುರುತಿಸಿದರು. ಅಂದರೆ ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳು ಸೇರಿರುವ ಸಾಧ್ಯತೆಯಿದೆ.

ಇಲ್ಲಿ ಎಚ್ಚರ ಬೇಕು. ಇವೆಲ್ಲ ಬೆರಳೆಣಿಕೆಯ ರೋಗಿಗಳ ಮೇಲೆ ನಡೆದ ಅಧ್ಯಯನಗಳು. ಮಿದುಳಿನ ಬದಲಾವಣೆ ನೋವಿನ ಕಾರಣವೋ, ವರ್ಷಗಟ್ಟಲೆ ನೋವುಂಡದ್ದರ ಫಲವೋ ಎಂಬುದನ್ನು ಒಂದು ಸ್ಕ್ಯಾನ್ ಹೇಳಲಾರದು. ಹಾಗಾಗಿಯೇ ಇಂದಿಗೂ ರೋಗನಿರ್ಣಯ ನಿಂತಿರುವುದು ರೋಗಿಯ ಮಾತು ಮತ್ತು ಸಾಧಾರಣ ಪರೀಕ್ಷೆಗಳ ಮೇಲೆ: ದಿನಕ್ಕೆ 2 ಗಂಟೆಗಿಂತ ಹೆಚ್ಚು, 3 ತಿಂಗಳಿಗಿಂತ ಹೆಚ್ಚು ಕಾಲ ಮರುಕಳಿಸುವ ಮಂದ ನೋವು, ಸಹಜವಾಗಿರುವ ನರಪರೀಕ್ಷೆ, ಹಲ್ಲಿನ ತೊಂದರೆಯಿಲ್ಲವೆಂಬ ಖಾತರಿ. 2017ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು, ಅಂಗಾಂಶಕ್ಕಾಗಲಿ ನರಕ್ಕಾಗಲಿ ಸ್ಪಷ್ಟ ಹಾನಿಯಿಲ್ಲದೆ ನೋವಿನ ಸಂಸ್ಕರಣೆಯೇ ಬದಲಾಗುವ ಸ್ಥಿತಿಯನ್ನು, ಅಂಗಾಂಶ ಹಾನಿಯ ನೋವು ಮತ್ತು ನರ ಹಾನಿಯ ನೋವುಗಳ ಜೊತೆಗೆ ನೋವಿನ ಮೂರನೆಯ ಬಗೆಯೆಂದು ಅಂಗೀಕರಿಸಿತು. ಇಂಥ ರೋಗಿಗೆ ಇನ್ನೊಂದು ಹಲ್ಲು ಕೀಳುವ ಅಥವಾ ಇನ್ನೊಂದು ರೂಟ್ ಕೆನಾಲ್ ಮಾಡುವ ಮೊದಲು ದಂತವೈದ್ಯರು ನೋವುತಜ್ಞರ ಅಭಿಪ್ರಾಯ ಕೇಳುವುದಕ್ಕೆ ಅಷ್ಟೇ ಸಾಕಷ್ಟು ಆಧಾರ.