ಅರ್ಜಿಯಲ್ಲಿ 'ಗೊತ್ತಿಲ್ಲ' ಎಂದು ಬರೆಯಿರಿ

ಸಣ್ಣ ಕಂಪನಿಗಳಿಗೆ ಸಂಶೋಧನಾ ಅನುದಾನದ ಅರ್ಜಿ ಬರೆಯಲು ನೆರವಾಗುವುದು ನನ್ನ ಕೆಲಸ. ಕರಡು ಕೈಗೆ ಬಂದ ಕೂಡಲೇ ನಾನು ಹುಡುಕುವುದು ಒಂದೇ ಮಾತು: 'ಇದು ನಮಗಿನ್ನೂ ಗೊತ್ತಿಲ್ಲ'. ಬಹಳಷ್ಟು ಕರಡುಗಳಲ್ಲಿ ಅದು ಇರುವುದೇ ಇಲ್ಲ. 'ನಮ್ಮ ತಂತ್ರಜ್ಞಾನ ಖಂಡಿತ ಕೆಲಸ ಮಾಡುತ್ತದೆ', 'ಒಂದು ವರ್ಷದಲ್ಲಿ ಮಾರಾಟ ಶುರು' ಎಂಬ ಮಾತುಗಳೇ ತುಂಬಿರುತ್ತವೆ. ಬ್ಯಾಂಕಿನಲ್ಲಿ ಸಾಲ ಕೇಳಿ ಕೇಳಿ ಬಂದ ರೂಢಿ ಅದು. ಬ್ಯಾಂಕಿನವರಿಗೆ ಭರವಸೆ ಬೇಕು, ಸರಿ. ಆದರೆ ಸಂಶೋಧನೆಗೆ ಹಣ ಕೊಡುವ ಇಲಾಖೆಯ ಮುಂದೆ ಅದೇ ಮಾತು ತಿರುಗುಬಾಣವಾಗುತ್ತದೆ. ಖಂಡಿತ ಕೆಲಸ ಮಾಡುತ್ತದೆ ಅಂದಮೇಲೆ ಅದರಲ್ಲಿ ಕಂಡುಹಿಡಿಯಲು ಏನು ಉಳಿಯಿತು?

ಯಾವುದನ್ನು ಸಂಶೋಧನೆ ಎನ್ನಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಅಳತೆಗೋಲು ಇದೆ. 1963ರಲ್ಲಿ ಇಟಲಿಯ ಫ್ರಸ್ಕಾಟಿಯಲ್ಲಿ ಸೇರಿದ ತಜ್ಞರು ರೂಪಿಸಿದ್ದರಿಂದ ಅದಕ್ಕೆ ಫ್ರಸ್ಕಾಟಿ ಕೈಪಿಡಿ ಎಂದೇ ಹೆಸರು. ಅದರ 2015ರ ಆವೃತ್ತಿ ಐದು ಲಕ್ಷಣ ಹೇಳುತ್ತದೆ. ಕೆಲಸ ಹೊಸದಾಗಿರಬೇಕು. ಸ್ವಂತ ಯೋಚನೆಯಿಂದ ಹುಟ್ಟಿರಬೇಕು. ಫಲಿತಾಂಶ ಮೊದಲೇ ಗೊತ್ತಿರಬಾರದು. ಯೋಜನೆ ಹಾಕಿಕೊಂಡು ಮಾಡಿರಬೇಕು. ಸಿಕ್ಕ ತಿಳಿವಳಿಕೆಯನ್ನು ಬೇರೆಯವರಿಗೆ ದಾಟಿಸಲು ಇಲ್ಲವೇ ಮತ್ತೆ ಮಾಡಿ ತೋರಿಸಲು ಬರಬೇಕು. ನನ್ನ ಅನುಭವದಲ್ಲಿ ಸಣ್ಣ ಕಂಪನಿಗಳು ಎಡವುವುದು ಮೂರನೆಯದರಲ್ಲಿ. ಹೊಸ ಯಂತ್ರ ಕೊಂಡು ಕೂರಿಸುವುದು, ಇರುವ ಸಾಫ್ಟ್‌ವೇರ್‌ಗೆ ಹೊಸ ಪುಟ ಸೇರಿಸುವುದು ಒಳ್ಳೆಯ ಕೆಲಸವೇ. ಆದರೆ ಅದರ ಫಲಿತಾಂಶ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಬೇರೆ ಯೋಜನೆಗಳಿವೆ.

ಇಂಥ ಅನುದಾನಗಳಿಗೆ ದೊಡ್ಡ ಮಾದರಿ ಅಮೆರಿಕದ ಎಸ್‌ಬಿಐಆರ್, ಅಂದರೆ ಸಣ್ಣ ಕಂಪನಿಗಳ ಸಂಶೋಧನೆಗೆ ಸರ್ಕಾರ ಹಣ ಕೊಡುವ ಯೋಜನೆ. 1977ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಸಣ್ಣದಾಗಿ ಶುರು ಮಾಡಿದ ಪ್ರಯೋಗ 1982ರಲ್ಲಿ ಕಾನೂನಾಯಿತು. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವ ಪ್ರತಿ ಇಲಾಖೆ ಅದರಲ್ಲೊಂದು ಪಾಲನ್ನು ಸಣ್ಣ ಕಂಪನಿಗಳಿಗೆ ಎತ್ತಿಡಬೇಕು ಎಂದು ಆ ಕಾನೂನು ಹೇಳಿತು. 2017ರಲ್ಲಿ ಆ ಪಾಲು ಶೇ 3.2 ಆಯಿತು. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ತಂದ ಎಸ್‌ಬಿಐಆರ್‌ಐ ಕೂಡ ಇದೇ ದಾರಿಯದು. ಎಸ್‌ಬಿಐಆರ್‌ನಲ್ಲಿ ಹಣ ಹಂತ ಹಂತವಾಗಿ ಬರುತ್ತದೆ. ಮೊದಲ ಹಂತದಲ್ಲಿ ಸ್ವಲ್ಪ ಹಣ, ಕೆಲವು ತಿಂಗಳು: ಇದು ಸಾಧ್ಯವೇ ಎಂದು ನೋಡಿ. ಸಾಧ್ಯವೆಂದು ಕಂಡರೆ ಎರಡನೇ ಹಂತದಲ್ಲಿ ಜಾಸ್ತಿ ಹಣ. ಮೂರನೆಯದು ಮಾರುಕಟ್ಟೆಯ ಹಂತ. ಅದಕ್ಕೆ ಈ ಯೋಜನೆಯ ಹಣವಿಲ್ಲ.

ಮೊದಲ ಹಂತಕ್ಕೆ ಎಷ್ಟು ಬೆಲೆ ಇದೆ ಎಂದು ನೋಡಬೇಕಾದರೆ ಅರ್ಥಶಾಸ್ತ್ರಜ್ಞೆ ಸಬ್ರಿನಾ ಹೋವೆಲ್ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಮೆರಿಕದ ಇಂಧನ ಇಲಾಖೆಗೆ ಬಂದ ಅರ್ಜಿಗಳಲ್ಲಿ ಸ್ವಲ್ಪದರಲ್ಲಿ ಗೆದ್ದವರನ್ನೂ ಸ್ವಲ್ಪದರಲ್ಲಿ ಸೋತವರನ್ನೂ ಅವರು ಹೋಲಿಸಿದರು. ಮೊದಲ ಹಂತದ ಸಣ್ಣ ಅನುದಾನ ಸಿಕ್ಕವರಿಗೆ ಮುಂದೆ ಖಾಸಗಿ ಹೂಡಿಕೆ ಸಿಗುವ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. ಎರಡನೇ ಹಂತದ ದೊಡ್ಡ ಮೊತ್ತದಿಂದ ಅಂಥ ಪರಿಣಾಮ ಕಾಣಲಿಲ್ಲ. ಸರ್ಕಾರದ ಮುದ್ರೆ ನೋಡಿ ಹೂಡಿಕೆದಾರರು ಬಂದದ್ದಲ್ಲ, ಆ ಹಣದಿಂದ ಪ್ರೋಟೋಟೈಪ್ (ಮೊದಲ ಪ್ರಾಯೋಗಿಕ ಮಾದರಿ) ಮಾಡಿ ತೋರಿಸಲು ಆಯಿತು ಎಂಬುದು ಅವರ ವಿವರಣೆ. ನನಗೆ ಇದು ತುಂಬಾ ಹಿಡಿಸಿತು. ಹಾಗಾಗಿ ಮೊದಲ ಸುತ್ತಿನಲ್ಲೇ ದೊಡ್ಡ ಮೊತ್ತ ಕೇಳಬೇಕು ಎನ್ನುವವರನ್ನು ನಾನು ತಡೆಯುತ್ತೇನೆ.

ಪಂಪ್ ಸೀಲ್, ಅಂದರೆ ಪಂಪಿನಿಂದ ನೀರು ಸೋರದಂತೆ ತಡೆಯುವ ಭಾಗ, ತಯಾರಿಸುವ ಒಂದು ಪುಟ್ಟ ಘಟಕದವರು ನನ್ನ ಬಳಿ ಬಂದಿದ್ದರು. ಮರಳು ಬೆರೆತ ನೀರಿನಲ್ಲಿ ಸೀಲ್ ಬೇಗ ಸವೆಯುತ್ತದೆ. ಸೀಲಿನ ಉಕ್ಕಿನ ಉಂಗುರದ ಮೇಲೆ ಸೆರಾಮಿಕ್ ಲೇಪನ ಕೊಟ್ಟರೆ ತಡೆಯುತ್ತದೆ ಎಂಬುದು ಅವರ ಯೋಚನೆ. ಕರಡಿನಲ್ಲಿ ಬರೆದದ್ದು 'ದೀರ್ಘ ಬಾಳಿಕೆಯ ಸೀಲ್ ತಯಾರಿಸುತ್ತೇವೆ' ಎಂದು. ನಿಮಗೆ ನಿಜವಾಗಿ ಎಲ್ಲಿ ಅನುಮಾನವಿದೆ ಎಂದು ಕೇಳಿದೆ. ಮಾಲೀಕರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: 'ಬಿಸಿಯಾದಾಗ ಉಕ್ಕು ಜಾಸ್ತಿ ಹಿಗ್ಗುತ್ತೆ, ಸೆರಾಮಿಕ್ ಕಡಿಮೆ. ಲೇಪನ ಬಿರುಕು ಬಿಡಬಹುದು ಸರ್.' ಅದನ್ನೇ ಬರೆಯಿರಿ ಎಂದೆ. 'ಹಾಗೆ ಬರೆದರೆ ಇವರಿಗೆ ಕೆಲಸ ಬರಲ್ಲ ಅಂದುಕೊಳ್ಳಲ್ವಾ?' ಎಂದು ಅವರಿಗೆ ಭಯ.

ಕೊನೆಗೆ ಅರ್ಜಿಯ ತಿರುಳು ಹೀಗಾಯಿತು. 200 ಸಲ ಬಿಸಿ ಮಾಡಿ ತಣಿಸಿದ ಮೇಲೂ ಲೇಪನ ಅಂಟಿಕೊಂಡಿರುತ್ತದೆಯೇ? ಇದ್ದರೆ, ಮರಳು ನೀರಿನಲ್ಲಿ 300 ಗಂಟೆ ಓಡಿಸಿದಾಗ ಸವೆತ ಈಗಿನದರ ಅರ್ಧಕ್ಕಿಂತ ಕಡಿಮೆ ಇರುತ್ತದೆಯೇ? ಬಿರುಕು ಬಿಟ್ಟರೆ ನಡುವೆ ತೆಳುವಾದ ಇನ್ನೊಂದು ಪದರ ಕೊಟ್ಟು ಮತ್ತೆ ನೋಡುತ್ತೇವೆ. ಅದೂ ನಿಲ್ಲದಿದ್ದರೆ ಈ ದಾರಿಯನ್ನು ಕೈಬಿಡುತ್ತೇವೆ. ಅರ್ಜಿ ಓದಿ ಅಂಕ ಕೊಡುವ ತಜ್ಞರು ಹುಡುಕುವುದು ಇದನ್ನೇ: ಏನು ಗೊತ್ತಿಲ್ಲ, ಹೇಗೆ ತಿಳಿಯುತ್ತೀರಿ, ಯಾವ ಅಂಕಿ ಬಂದರೆ ಗೆದ್ದಂತೆ, ಬರದಿದ್ದರೆ ಮುಂದೇನು. ಅನುದಾನ ಸಿಕ್ಕಿತು. ಮೊದಲ ಲೇಪನ ಬಿರುಕು ಬಿಟ್ಟಿತು, ನಡುವಿನ ಪದರ ಇದ್ದದ್ದು ನಿಂತಿತು. ಎರಡನ್ನೂ ವರದಿಯಲ್ಲಿ ಹಾಕಿದೆವು.

ಹಣದ ವಿಷಯ. ಎಷ್ಟೋ ಯೋಜನೆಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಲೆಕ್ಕ ಕೊಟ್ಟ ಮೇಲೆ ಹಣ ಬರುತ್ತದೆ. ಸಂಬಳ ಮಾತ್ರ ಪ್ರತಿ ತಿಂಗಳೂ ಕೊಡಲೇಬೇಕು ಅಲ್ವಾ? ಗೆದ್ದ ಅನುದಾನವೇ ಒಂದು ಕಂಪನಿಯ ಕೈ ಕಟ್ಟಿಹಾಕಿದ್ದನ್ನು ನೋಡಿದ್ದೇನೆ. ಅದು ನನಗೆ ಈಗಲೂ ನೋವು ಕೊಡುತ್ತದೆ, ಏಕೆಂದರೆ ಮೊದಲೇ ಲೆಕ್ಕ ಹಾಕಿದ್ದರೆ ತಪ್ಪಿಸಬಹುದಿತ್ತು. ಹಣ ಬರುವುದು ಮೂರು ತಿಂಗಳು ತಡವಾದರೂ ನಡೆಸಿಕೊಂಡು ಹೋಗಲು ಆಗುತ್ತದೆಯೇ ಎಂದು ನೋಡಿಕೊಂಡೇ ಅರ್ಜಿ ಹಾಕಿ. ಮಂಜೂರಾತಿಗೆ ಮೊದಲು ಕೊಂಡ ಸಾಮಾನಿನ ಬಿಲ್ ಸಾಮಾನ್ಯವಾಗಿ ನಡೆಯುವುದಿಲ್ಲ. ಯಾರು ಎಷ್ಟು ಗಂಟೆ ಈ ಕೆಲಸ ಮಾಡಿದರು ಎಂಬುದನ್ನು ದಿನದಿನವೂ ಬರೆದಿಡಿ.

ಇನ್ನೊಂದು ಮಾತು. ಬಹಳ ಜನ ಯೋಜನೆಯ ಅಧಿಕಾರಿಯ ಜೊತೆ ಮಾತಾಡಲು ಹಿಂಜರಿಯುತ್ತಾರೆ. ನಿಯಮ ಅವಕಾಶ ಕೊಡುವಲ್ಲೆಲ್ಲ ಮಾತಾಡಿ. ಕೊನೆಯ ದಿನಾಂಕಕ್ಕೆ ಒಂದೆರಡು ತಿಂಗಳು ಮೊದಲೇ ನಿಮ್ಮ ಪ್ರಶ್ನೆಯನ್ನು ಅರ್ಧ ಪುಟದಲ್ಲಿ ಬರೆದು ಕಳಿಸಿ, ಇದು ನಿಮ್ಮ ಯೋಜನೆಗೆ ಹೊಂದುತ್ತದೆಯೇ ಎಂದು ಕೇಳಿ. 'ಇಲ್ಲ' ಎಂಬ ಉತ್ತರ ಬಂದರೂ ಒಂದು ತಿಂಗಳ ಕೆಲಸ ಉಳಿಯುತ್ತದೆ.