ಥರ್ಡ್ ಪಾರ್ಟಿ ಇದೆ ಅಂತೀರಲ್ಲ, ಕಾರೊಳಗೆ ಕೂತವರ ಗತಿ ಏನು?

"ಸಾರ್, ಇನ್ಶೂರೆನ್ಸ್ ರನ್ನಿಂಗಲ್ಲೇ ಇದೆ" ಅಂತ ಹೇಳ್ಕೊಂಡೇ ಅಣ್ಣ ತಮ್ಮ ಇಬ್ರೂ ನನ್ ಆಫೀಸಿಗೆ ಬಂದ್ರು. ಕಾರು ತಮ್ಮಂದು, ಓಡಿಸ್ತಿದ್ದಿದ್ದೂ ಅವನೇ, ಶಿರಾ ಕಡೆ ಮದುವೆಗೆ ಹೋಗಿ ವಾಪಸ್ ಬರೋವಾಗ ರಾತ್ರಿ ಕಾರು ರೋಡ್ ಬಿಟ್ಟು ಹಳ್ಳಕ್ಕೆ ಇಳಿದು ಪಲ್ಟಿ, ಹಿಂದಿನ ಸೀಟಲ್ಲಿದ್ದ ಅತ್ತಿಗೆಗೆ ಬೆನ್ನುಮೂಳೆ ಮುರಿದಿತ್ತು. ಆಸ್ಪತ್ರೆ ಬಿಲ್ಲಿನ ಕಟ್ಟು ಒಂದು ಕೈಲಿ, ಪ್ಲಾಸ್ಟಿಕ್ ಕವರಲ್ಲಿ ಜೋಪಾನವಾಗಿ ಇಟ್ಟಿದ್ದ ಪಾಲಿಸಿ ಇನ್ನೊಂದು ಕೈಲಿ. ಆ ಕಾಗದ ಬಿಡಿಸಿ ನೋಡಿದೆ, ಬರೀ ಥರ್ಡ್ ಪಾರ್ಟಿ. ಅವರ ಮುಖ ನೋಡ್ಕೊಂಡು ವಿಷಯ ಹೇಳೋದು ನಂಗೆ ಕಷ್ಟ ಆಯ್ತು.

ಎಂವಿಸಿ ಕೇಸು, ಅಂದ್ರೆ ವಾಹನ ಅಪಘಾತದ ಪರಿಹಾರದ ಕೇಸು ನಡೆಸೋ ವಕೀಲನಾಗಿ ನಾನು ಅತಿ ಹೆಚ್ಚು ನೋಡಿರೋ ತಪ್ಪು ತಿಳುವಳಿಕೆ ಇದೇ, ಥರ್ಡ್ ಪಾರ್ಟಿ ಇದ್ರೆ ಸಾಕು ಅನ್ನೋದು. ಮೋಟಾರು ವಾಹನ ಕಾಯ್ದೆ 1988ರ 146ನೇ ಸೆಕ್ಷನ್ ಪ್ರಕಾರ ಪಬ್ಲಿಕ್ ಜಾಗದಲ್ಲಿ ಗಾಡಿ ಓಡಿಸ್ಬೇಕು ಅಂದ್ರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಲೇಬೇಕು, ಇಲ್ದಿದ್ರೆ ಮೊದಲ ಸಲ 2,000 ರೂಪಾಯಿ ದಂಡ, ಎರಡನೇ ಸಲ 4,000, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಜನಕ್ಕೆ ಪೊಲೀಸರ ದಂಡದ ಭಯ ಇರೋದ್ರಿಂದ ಇಷ್ಟು ಮಾಡಿಸಿಬಿಟ್ರೆ ಎಲ್ಲಾ ಮುಗೀತು ಅನ್ಕೋತಾರೆ. ಆದ್ರೆ ಈ ಪಾಲಿಸಿ ಇರೋದು ನಿಮ್ಮ ಗಾಡಿಯಿಂದ ಹೊರಗಿನವರಿಗೆ ಏನಾದ್ರೂ ಆದ್ರೆ ಅದನ್ನ ತುಂಬಿಕೊಡೋಕೆ. ರಸ್ತೆ ದಾಟ್ತಿದ್ದವರು, ಎದುರಿನ ಬೈಕಿನವರು, ಬೇರೆ ಕಾರಲ್ಲಿದ್ದವರು, ಇವರೆಲ್ಲಾ ಥರ್ಡ್ ಪಾರ್ಟಿ. ಅವರ ಸಾವು ನೋವಿಗೆ ಟ್ರಿಬ್ಯೂನಲ್, ಅಂದ್ರೆ ಅಪಘಾತ ಪರಿಹಾರ ತೀರ್ಮಾನಿಸೋ ಕೋರ್ಟು, ಎಷ್ಟೇ ಪರಿಹಾರ ಹಾಕಲಿ, ಐವತ್ತು ಲಕ್ಷ ಆಗ್ಲಿ ಕೋಟಿ ಆಗ್ಲಿ, ಕಂಪನಿ ಕೊಡಬೇಕು, ಮಿತಿ ಇಲ್ಲ. ಒಂದು ಸಾವಿರ ಸಿಸಿ ಒಳಗಿನ ಕಾರಿಗೆ 2022ರ ಜೂನ್‌ನಲ್ಲಿ ಗೊತ್ತು ಮಾಡಿದ ಪ್ರೀಮಿಯಂ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದರ ಮೇಲೆ 7,897, ಜಿಎಸ್‌ಟಿ ಬೇರೆ. ಇಷ್ಟು ದುಡ್ಡಿಗೆ ಅಷ್ಟು ದೊಡ್ಡ ರಕ್ಷಣೆ ಸಿಗೋದು ನಿಜಕ್ಕೂ ಒಳ್ಳೇದು, ಇದನ್ನ ಯಾರೂ ತಪ್ಪಿಸಬಾರ್ದು. ಆಸ್ತಿ ಹಾನಿಗೆ ಮಾತ್ರ ಮಿತಿ ಇದೆ, ಕಾರಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷ, ನೂರು ರೂಪಾಯಿ ಉಳಿಸೋಕೆ ಅಂತ ಅದನ್ನ 6,000ಕ್ಕೆ ಇಳಿಸಿಕೊಂಡವರನ್ನೂ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ.

ಈಗ ಕಾರೊಳಗೆ ಬನ್ನಿ. ಸ್ವಂತ ಕಾರಲ್ಲಿ ಸುಮ್ನೆ ಜೊತೆಗೆ ಬಂದ ಹೆಂಡತಿ, ಅತ್ತಿಗೆ, ಫ್ರೆಂಡು, ಇವರು ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬರಲ್ಲ, ಇದನ್ನ ಸುಪ್ರೀಂ ಕೋರ್ಟೇ ಹೇಳಿದೆ. ಪ್ಯಾಕೇಜ್ ಪಾಲಿಸಿ, ನಮ್ ಜನ ಫುಲ್ ಇನ್ಶೂರೆನ್ಸ್ ಅಂತಾರಲ್ಲ, ಅದಿದ್ರೆ ಒಳಗೆ ಕೂತವರಿಗೂ ಅನ್ವಯಿಸುತ್ತೆ. ಓಡಿಸೋ ಓನರ್ರು ತನಗೆ ತಾನೇ ಮೂರನೆಯವನಾಗೋಕೆ ಆಗಲ್ಲ, ಅದಕ್ಕೇ 15 ಲಕ್ಷದ ಪಿಎ (ಪರ್ಸನಲ್ ಆಕ್ಸಿಡೆಂಟ್) ಕವರ್ ಬೇರೆ ಇರೋದು. ಗಾಡಿ ಕೇಳಿ ಇಸ್ಕೊಂಡು ಹೋದವರ ಕಥೆನೂ ಇದೇ. ಇಳಕಲ್ ಕಡೆ ಒಬ್ಬರು ಬೇರೆಯವರ ಬೈಕ್ ತಗೊಂಡು ಹೋಗಿ ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರ್ಕೊಂಡಿದ್ರು, ಆ ಕೇಸಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಗಾಡಿ ಇಸ್ಕೊಂಡವನು ಓನರ್ ಜಾಗದಲ್ಲೇ ನಿಂತ ಹಾಗೆ ಅಂತು.

ಇನ್ನೊಂದು, ಕಾರು ಮಾರಿ ದುಡ್ಡು ಎಣಿಸ್ಕೊಂಡು ಆರ್‌ಸಿ ಬದಲಾಯಿಸದೇ ಬಿಡೋದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್ ಅಂತ 2018ರಲ್ಲಿ ತೀರ್ಪಾಗಿದೆ. ತಗೊಂಡವನು ಪಾಲಿಸಿ ರಿನ್ಯೂ ಮಾಡಿಸದೇ ಓಡಿಸಿ ಯಾರಿಗಾದ್ರೂ ಗುದ್ದಿದ್ರೆ ನೋಟಿಸ್ ಬರೋದು ನಿಮ್ಮ ಮನೆಗೆ.

ಪಾಲಿಸಿ ಟೈಮೂ ನೋಡಿ. ದಿನಾಂಕದ ಪಕ್ಕದಲ್ಲಿ ಗಂಟೆ ನಿಮಿಷ ಬರೆದಿರುತ್ತೆ, ಬೆಳಗ್ಗೆ ಅಪಘಾತ ಆಗಿ ಮಧ್ಯಾಹ್ನ ಆನ್‌ಲೈನಲ್ಲಿ ರಿನ್ಯೂ ಮಾಡಿದ್ರೆ ಅದೇ ದಿನದ ಪಾಲಿಸಿ ಅನ್ನೋ ವಾದ ನಡೆಯಲ್ಲ.

ಆ ಅಣ್ಣ ತಮ್ಮಂದಿರಿಗೆ ನಾನು ಇದ್ದಿದ್ದನ್ನ ಇದ್ದ ಹಾಗೇ ಹೇಳಿದೆ. ಪರಿಹಾರ ಕೇಳಬಹುದು, ಆದ್ರೆ ಕಂಪನಿ ಕೊಡಲ್ಲ, ಕಾರಿನ ಓನರ್ ಕೊಡಬೇಕು ಅಂತ. ಸ್ವಲ್ಪ ದಿನ ಬಿಟ್ಟು ಆಕೆನ ವೀಲ್‌ಚೇರಲ್ಲಿ ಕರ್ಕೊಂಡು ಬಂದ್ರು. "ಮೈದುನನ ಮೇಲೆ ನಾನು ಕೇಸ್ ಹಾಕ್ಬೇಕಾ ಸಾರ್?" ಅಂತ ಕೇಳಿದ್ರು, ತಮ್ಮ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಕೊನೆಗೆ ಕೇಸ್ ಬೇಡ ಅಂದ್ರು, ಅವನು ತನ್ನ ಸೈಟ್ ಮಾರಿ ಆಪರೇಷನ್ ಸಾಲ ತೀರಿಸಿದ.

ಹೋದ ವರ್ಷ ಅದೇ ತಮ್ಮ ರಿನ್ಯೂವಲ್ ಕಾಗದ ಹಿಡ್ಕೊಂಡು ಬಂದಿದ್ದ, ದುಡ್ಡು ಕಟ್ಟೋ ಮುಂಚೆ. ಪ್ಯಾಕೇಜ್ ಅಂತ ಬರೆದಿದೆಯಾ, ಪಿಎ ಓನರ್ ಡ್ರೈವರ್ ಮುಂದೆ 15 ಲಕ್ಷ ಇದೆಯಾ, ಪ್ಯಾಸೆಂಜರ್ ಸಾಲಲ್ಲಿ ಸೊನ್ನೆ ಇಲ್ಲ ತಾನೇ, ಅಂತ ಇಬ್ರೂ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ್ವಿ.